ಬಿ.ಆರ್ಕ್ ಅಥವಾ ಸಿವಿಲ್: ಎರಡರ ನಡುವಿನ ಕೆಲಸ ಬೇಕಿದ್ದರೆ

ಕಟ್ಟಡದ ಆಕಾರ, ಅದರ ಬಲ, ಕಂಪ್ಯೂಟರ್ ಡಿಸೈನ್ ಮೂರೂ ಬೇಕು ಅನ್ನುವವರಿಗೆ ಎರಡು ದಾರಿಗಳಿವೆ. ಬಿ.ಆರ್ಕ್ ಅಂದರೆ ಆರ್ಕಿಟೆಕ್ಚರ್ ಪದವಿ, 5 ವರ್ಷ, ನಾಟಾ ಥರದ ಪ್ರವೇಶ ಪರೀಕ್ಷೆ ಬರೆಯಬೇಕು. ಸಿವಿಲ್ ಬಿ.ಇ. 4 ವರ್ಷ, ಸ್ಟ್ರಕ್ಚರಲ್ (ಕಟ್ಟಡದ ಬಲದ ಲೆಕ್ಕ) ಎಂ.ಟೆಕ್‌ಗೆ ಇನ್ನೆರಡು ಸೇರಿಸಿಕೊಳ್ಳಿ.

ಆರ್ಕಿಟೆಕ್ಚರ್‌ನವರು ರೈನೋ, ಗ್ರಾಸ್‌ಹಾಪರ್ ಥರದ 3ಡಿ ಡಿಸೈನ್ ಸಾಫ್ಟ್‌ವೇರ್ ಬೇಗ ಹಿಡಿಯುತ್ತಾರೆ. ಸ್ಲೈಡರ್ ಎಳೆದರೆ ಚಾವಣಿಯ ಬಾಗು ಬದಲಾಗುತ್ತದೆ, ನೋಡೋಕೆ ಮಜಾ. ಆದರೆ ಅದು ನಿಲ್ಲಬೇಕು ಅಲ್ವಾ? ಅದೇ ಫೈಲಿನಲ್ಲಿ ಕರಾಂಬಾ ಪ್ಲಗಿನ್ ಹಾಕಿದರೆ ಚಾವಣಿ ಎಷ್ಟು ಜಗ್ಗುತ್ತದೆ ಎಂದು ಕಾಣುತ್ತದೆ. ಸಪೋರ್ಟ್, ಅಂದರೆ ಚಾವಣಿ ಎಲ್ಲಿ, ಹೇಗೆ ಊರಿ ನಿಲ್ಲುತ್ತದೆ ಎಂಬುದನ್ನು, ತಪ್ಪಾಗಿ ಕೊಟ್ಟರೂ ಎಷ್ಟೋ ಸಲ ಏನೋ ಒಂದು ಉತ್ತರ ಬರುತ್ತದೆ. ಆ ತಪ್ಪು ಹಿಡಿಯಲು ಸಿವಿಲ್ ಓದು ಬೇಕು. ಟೂಲ್ ಆಮೇಲೂ ಕಲಿಯಬಹುದು, ಬೆಂಡಿಂಗ್ ಮೊಮೆಂಟ್ (ಭಾರಕ್ಕೆ ತೊಲೆ ಬಾಗುವಾಗಿನ ಬಲದ ಲೆಕ್ಕ) ಸುಮ್ನೆ ಬರುವುದಿಲ್ಲ. ಗಣಿತ ಇಷ್ಟವಿದ್ದರೆ ಸಿವಿಲ್ಲೇ ಮೇಲು ಎನ್ನುತ್ತೇನೆ.

‘ಆರ್ಕಿಟೆಕ್ಟ್’ ಎಂದು ಬೋರ್ಡ್ ಹಾಕುವ ಆಸೆಯಿದ್ದರೆ ಮಾತ್ರ ಬಿ.ಆರ್ಕ್ ಮಾಡಿ. 1972ರ ಕಾಯ್ದೆ ಪ್ರಕಾರ ಅದಕ್ಕೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗಿರಬೇಕು.