ಪ್ರೀಮಿಯರ್ ಚಾಟ್: ಕೇಕೆ ಹಾಕಲು ಮಸ್ತ್, ನೋಡಲು ಸಾಲದು

ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಬೇಸಿಗೆ, ಚಳಿಗಾಲ ಎಂದು ಮುಳ್ಳು ತಿರುಗಿಸುವ ಪದ್ಧತಿ ಎರಡೂ ಕಡೆ ಇಲ್ಲವಾದ್ದರಿಂದ ಈ ಲೆಕ್ಕ ವರ್ಷವಿಡೀ ಬದಲಾಗದು. ಅಲ್ಲಿ ರಾತ್ರಿ 9ಕ್ಕೆ ಹೊಸ ಆ್ಯನಿಮೇಷನ್ ಹಾಡು ಬಿಟ್ಟರೆ ಮುಂಬಯಿಯಲ್ಲಿ ಸಂಜೆ 5.30. ಅಂಧೇರಿಯ ಆಫೀಸು ಬಿಟ್ಟು ಘಾಟ್‌ಕೋಪರ್‌ನಲ್ಲಿ ಮೆಟ್ರೊ ಇಳಿದು ಲೋಕಲ್‌ಗೆ ನುಗ್ಗುವ ಹೊತ್ತು ಅದು. ನಡುರಾತ್ರಿ 12ಕ್ಕೆ ಬಿಡುವವರಿದ್ದರೆ ನಮ್ಮ ಪುಣ್ಯ, ಇಲ್ಲಿ ರಾತ್ರಿ 8.30. ಡೊಂಬಿವಲಿಯವರೂ ಮನೆ ಸೇರಿ ಕೈಕಾಲು ತೊಳೆದಿರುತ್ತಾರೆ.

ಇಂಥ ಹಾಡುಗಳನ್ನು ಎಲ್ಲರೂ ಒಟ್ಟಿಗೆ ನೋಡಲಿ ಎಂದು ಯೂಟ್ಯೂಬ್ 2018ರಲ್ಲಿ ತಂದದ್ದು ಪ್ರೀಮಿಯರ್ ಸೌಲಭ್ಯ. ಪುಟ ಮೊದಲೇ ತೆರೆದಿರುತ್ತದೆ, ಪಕ್ಕದಲ್ಲಿ ಚಾಟ್ ಓಡುತ್ತಿರುತ್ತದೆ. ರಿಮೈಂಡರ್ ಒತ್ತಿಟ್ಟವರಿಗೆ ಸುಮಾರು ಅರ್ಧ ಗಂಟೆ ಮೊದಲು ಒಂದು ಸೂಚನೆ, ಶುರುವಾಗುವಾಗ ಇನ್ನೊಂದು. ಹೇಳಿದ ಹೊತ್ತಿಗೆ ಬರುವುದು ಹಾಡಲ್ಲ, ಕೌಂಟ್‌ಡೌನ್. ಸಾಮಾನ್ಯವಾಗಿ ಅದು 2 ನಿಮಿಷ. ಓಡಿ ಬಂದವರಿಗೆ ಉಸಿರು ಬಿಡಲು ಅಷ್ಟು ಸಾಕು.

ಚಾಟಿನ ಮಜಾ ಮಾತ್ರ ಬೇರೆಲ್ಲೂ ಸಿಗದು. ಮೊದಲ ಕೋರಸ್‌ಗೆ ಪಾತ್ರ ತಿರುಗಿ ನೋಡಿದ ಕ್ಷಣ ಪರದೆ ಉಕ್ಕುತ್ತದೆ. ಜಪಾನಿಯರು 8888 ಎಂದು ಸುರಿಯುವುದು ಚಪ್ಪಾಳೆ, ಡಬ್ಲ್ಯೂ ಅಕ್ಷರದ ಸಾಲು ಬಂದರೆ ನಗು. ಇಷ್ಟು ಗೊತ್ತಿದ್ದರೆ ಅರ್ಧ ಚಾಟ್ ಓದಿದಂತೆ. ನಮ್ಮವರ ‘ಗುರೂ ಬೆಂಕಿ’ ನಡುವೆ ಮಿಂಚಿ ಮೇಲೇರಿ ಹೋಗುತ್ತದೆ. ಒಂದು ಸಂದೇಶಕ್ಕೆ 200 ಅಕ್ಷರದ ಮಿತಿ ಇದೆ, ಆದರೆ ಆ ಓಟದಲ್ಲಿ ಉದ್ದ ಬರೆದರೂ ಓದುವವರಿಲ್ಲ. ‘ಟಾಪ್ ಚಾಟ್’ ಆರಿಸಿದರೆ ಕಸ ಸೋಸಿ ಬರುತ್ತದೆ, ಕಸವೇ ಬೇಕಿದ್ದವರು ‘ಲೈವ್ ಚಾಟ್’ಗೆ ಹೋಗಬಹುದು. ಜಾತ್ರೆಗೆ ಬಂದ ಮೇಲೆ ಲೈವ್ ಚಾಟೇ ಸರಿ.

ತೊಂದರೆ ಶುರುವಾಗುವುದು ನೆಟ್‌ವರ್ಕ್ ತಡವರಿಸಿದಾಗ. ಪ್ರೀಮಿಯರ್‌ನಲ್ಲಿ ಹಿಂದಕ್ಕೆ ಹೋಗಬಹುದು, ನಿಲ್ಲಿಸಬಹುದು, ಆದರೆ ಲೈವ್ ಬಿಂದು ದಾಟಿ ಮುಂದೆ ಹೋಗುವಂತಿಲ್ಲ. ಒಮ್ಮೆ ಬಫರ್ ಆದರೆ ನಿಮ್ಮ ಚಿತ್ರ ಹತ್ತಾರು ಸೆಕೆಂಡು ಹಿಂದೆ ಬೀಳುತ್ತದೆ, ಚಾಟ್ ಮುಂದೆ ಓಡುತ್ತಲೇ ಇರುತ್ತದೆ. ಕೊನೆಯ ತಿರುವನ್ನು ಚಾಟೇ ಹೇಳಿಬಿಡುತ್ತದೆ. ‘ಲೈವ್’ ಒತ್ತಿ ಹಾರಿದರೆ ನಡುವಿನ ದೃಶ್ಯ ಹೋಯಿತು. ಟಿವಿಯಲ್ಲಿ ಚಿತ್ರ, ಮೊಬೈಲಿನಲ್ಲಿ ಚಾಟ್ ಇಟ್ಟುಕೊಂಡರೂ ಇದೇ ಗೋಳು, ಎರಡು ಸಾಧನಗಳು ಒಂದೇ ಸೆಕೆಂಡಿಗೆ ಓಡುವುದು ಅಪರೂಪ. ಮಾಟುಂಗದ ಮೈಸೂರು ಅಸೋಸಿಯೇಷನ್ ಸಭಾಂಗಣದಲ್ಲಿ ನಾಟಕ ನೋಡುವಾಗ ಹಿಂದಿನ ಸಾಲಿನವರ ಚಪ್ಪಾಳೆ ಮಾತಿಗಿಂತ ಮೊದಲೇ ಕೇಳಿದರೆ ಹೇಗಿದ್ದೀತು, ಹಾಗೆ. ಲೋಕಲ್‌ನಲ್ಲಿ ಇರುವವರು ರೆಸಲ್ಯೂಶನ್ನನ್ನು ಕೈಯಾರೆ 480ಕ್ಕೆ ಇಳಿಸಿಕೊಳ್ಳಲಿ. ‘ಆಟೊ’ದಲ್ಲಿ ಬಿಟ್ಟರೆ ಅದು ಏರಿಳಿಯುತ್ತ, ಕತ್ತಲ ಆಕಾಶದ ಬಣ್ಣ ಪಟ್ಟಿಪಟ್ಟಿಯಾಗಿ ಒಡೆದು ಕಾಣುತ್ತದೆ.

ಗೆಳೆಯರು ಬೇರೆ ಬೇರೆ ಮನೆಯಿಂದ ವಿಡಿಯೊ ಕಾಲ್‌ನಲ್ಲಿ ಕೂಡುವುದಾದರೆ ಫೋನನ್ನು ಸ್ಪೀಕರ್ ಮುಂದೆ ಹಿಡಿಯಬೇಡಿ. ಗದ್ದಲ ತೆಗೆಯುವ ಸೌಲಭ್ಯ ಮಾತನ್ನಷ್ಟೇ ಉಳಿಸಿ ಡ್ರಮ್ಮು, ಸಿಂಥ್ ಎಲ್ಲವನ್ನೂ ಗದ್ದಲವೆಂದು ನುಂಗುತ್ತದೆ. ಕಂಪ್ಯೂಟರಿನಿಂದ ಬ್ರೌಸರ್ ಟ್ಯಾಬನ್ನೇ ಆಡಿಯೊ ಸಹಿತ ಹಂಚಿಕೊಳ್ಳಬೇಕು. ಅದಕ್ಕಿಂತಲೂ ಉತ್ತಮ, ಪ್ರೀಮಿಯರ್ ಮುಗಿದ ಮೇಲೆ ಎಲ್ಲರೂ ತಂತಮ್ಮಲ್ಲೇ ತೆರೆದು ‘ಮೂರು, ಎರಡು, ಒಂದು’ ಎಂದು ಒಟ್ಟಿಗೆ ಒತ್ತುವುದು.

ಎರಡನೆಯ ಸಲ ನೋಡುವಾಗ ಚಾಟ್ ಮುಚ್ಚಿ. ಚಿತ್ರ ಬಿಡಿಸಿದವರ ಕೈಚಳಕ, ಅಭಿಮಾನಿಗಳು ‘ಸಕುಗಾ’ ಎಂದು ಕೊಂಡಾಡುವ ತುಣುಕುಗಳು ಕಾಣುವುದು ಆಗಲೇ. ಕಂಪ್ಯೂಟರಿನಲ್ಲಿ ವಿಡಿಯೊ ನಿಲ್ಲಿಸಿ ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ ಮುಂದೆ, ಅಲ್ಪವಿರಾಮಕ್ಕೆ ಒಂದು ಫ್ರೇಮ್ ಹಿಂದೆ. ಸೆಕೆಂಡಿಗೆ 24 ಫ್ರೇಮ್ ಇರುವ ವಿಡಿಯೊದಲ್ಲಿ ಎರಡು ಒತ್ತಿಗೊಮ್ಮೆ ಪಾತ್ರ ಅಲುಗಿದರೆ ಸೆಕೆಂಡಿಗೆ 12 ಚಿತ್ರ, ಮೂರು ಒತ್ತಿಗೊಮ್ಮೆಯಾದರೆ 8. ಪಾತ್ರ 8ರಲ್ಲಿ ನಡೆಯುತ್ತಿದ್ದರೂ ಹಿನ್ನೆಲೆ 24ರಲ್ಲಿ ಸರಿಯಬಹುದು. ‘ಲ್ಯಾಗ್ ಆಗ್ತಿದೆ’ ಎಂದು ಚಾಟಿನಲ್ಲಿ ಬೊಬ್ಬೆ ಹೊಡೆಯುವವರು ನೋಡಿದ್ದು ಬಹಳ ಸಲ ಇದನ್ನೇ. ನೆಟ್ಟಿನ ತಪ್ಪಲ್ಲ ಅದು, ಬಿಡಿಸಿದವರ ಆಯ್ಕೆ. ಹೊಡೆತ ಬೀಳುವ ಕಡೆ ಚಿತ್ರ ಕಡಿಮೆ ಮಾಡಿದರೆ ಏಟು ಗಟ್ಟಿಯಾಗಿ ಕಾಣುತ್ತದೆ. ಟಿವಿಯಲ್ಲಿ ಮೋಷನ್ ಸ್ಮೂದಿಂಗ್ ಚಾಲೂ ಇದ್ದರೆ ಇಲ್ಲದ ಚಿತ್ರಗಳನ್ನು ನಡುವೆ ತುರುಕಿ ಎಲ್ಲವನ್ನೂ ಬೆಣ್ಣೆಯಾಗಿಸುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಬಂದ್ ಮಾಡಿ.

ಸಬ್‌ಟೈಟಲ್ಲಿನಲ್ಲಿ ಈ ಸೇವೆಗೆ ಅಂಕ ಕೊಡಲು ಮನಸ್ಸಿಲ್ಲ. ಅಭಿಮಾನಿಗಳೇ ಅನುವಾದ ಸೇರಿಸುವ ದಾರಿಯನ್ನು 2020ರ ಸೆಪ್ಟೆಂಬರ್ 28ರಂದು ಯೂಟ್ಯೂಬ್ ಮುಚ್ಚಿತು. ಈಗ ಹಾಡಿನ ಕಂಪನಿಯೇ ಹಾಕಬೇಕು, ಇಲ್ಲವೇ ಯಂತ್ರಕ್ಕೆ ಬಿಡಬೇಕು. ಯಂತ್ರಾನುವಾದದಲ್ಲಿ ಕನ್ನಡವೂ ಇದೆ, ನಂಬಬೇಡಿ. ಜಪಾನಿ ಸಾಲು ಕರ್ತೃವನ್ನೇ ಹೇಳದೆ ಮುಗಿಯಬಹುದು. ಕನ್ನಡದ ಕ್ರಿಯಾಪದಕ್ಕೆ ಮಾತ್ರ ಹೋದೆನೋ, ಹೋದಳೋ, ಹೋದೆಯೋ ತಿಳಿಯಲೇಬೇಕು. ಯಂತ್ರ ಊಹಿಸುತ್ತದೆ, ಪ್ರೇಮಗೀತೆ ಪೊಲೀಸ್ ಹೇಳಿಕೆಯಾಗುತ್ತದೆ. ಕಂಪನಿ ಕೊಟ್ಟ ಇಂಗ್ಲಿಷ್ ಇದ್ದರೆ ಅದನ್ನೇ ಆರಿಸಿಕೊಳ್ಳಿ.

ಜಪಾನಿಯರು ಯಾವ ಫ್ರೇಮಿಗೆ ಕೂಗಿದರು ಎಂದು ನಿಧಾನವಾಗಿ ನೋಡಬೇಕಿದ್ದರೆ, ಚಾನೆಲ್‌ನವರು ಉಳಿಸಿದ್ದಲ್ಲಿ, ಚಾಟ್ ರಿಪ್ಲೇ ತೆರೆಯಿರಿ. ಪೂರ್ತಿ ಹಾಡು ತೋರಿಸುತ್ತೇವೆಂದು ನಿಮಿಷಕ್ಕೆ ನಾಲ್ಕು ಸಲ ತಡೆಯುವ ರಿಯಾಕ್ಷನ್ ವಿಡಿಯೊಗಳಿಗಿಂತ ಇದು ಸಾವಿರ ಪಾಲು ವಾಸಿ. ಅವರು ತಡೆಯುವುದೂ ಸುಮ್ಮನೆ ಅಲ್ಲ ಅನ್ನಿ, ಹಾಡು ಉದ್ದಕ್ಕೆ ಓಡಿದರೆ ಬೇರೆಯವರ ಹಾಡನ್ನು ಗುರುತಿಸುವ ಯೂಟ್ಯೂಬಿನ ವ್ಯವಸ್ಥೆ ಕಂಟೆಂಟ್ ಐಡಿ ಹಿಡಿಯುತ್ತದೆ, ಜಾಹೀರಾತಿನ ಹಣ ಹಾಡಿನ ಒಡೆಯರಿಗೆ ಹೋಗುತ್ತದೆ ಇಲ್ಲವೇ ವಿಡಿಯೊ ಮುಚ್ಚುತ್ತದೆ.

ಮಕ್ಕಳನ್ನು ಕೂರಿಸಿಕೊಂಡು ನೋಡುವವರು ದೀಪ ಆರಿಸಬೇಡಿ. 1997ರ ಡಿಸೆಂಬರ್‌ನಲ್ಲಿ ಪೋಕೆಮಾನ್‌ನ ಒಂದು ಕಂತಿನ ಕೆಂಪು–ನೀಲಿ ಮಿಣುಕಿಗೆ ಜಪಾನಿನಲ್ಲಿ ಸುಮಾರು 685 ಮಂದಿ ಆಸ್ಪತ್ರೆ ಸೇರಿದ್ದರು. ಬಳಿಕ ಅಲ್ಲಿಯ ಟಿವಿಗೆ ಮಿಣುಕಿನ ಮಿತಿ ಬಂತು. ನೆಟ್ಟಿಗೆಂದೇ ಮಾಡಿದ ಹಾಡುಗಳಲ್ಲಿ ಕೋರಸ್ ಬರುತ್ತಲೇ ಪರದೆ ಪಟಪಟ ಹೊಡೆದುಕೊಳ್ಳುವುದು ಈಗಲೂ ಉಂಟು.