ಹಾರುವ ಹಳೆಯ ವಿಮಾನಗಳಿಗೆ ಯಾವ ಲೆನ್ಸ್: 200-500 ಜೂಮ್ ಮತ್ತು 500 ಪಿಎಫ್‌ ಜೊತೆ ಎರಡು ಬೇಸಿಗೆ

ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನಲ್ಲಿ ಓಲ್ಡ್ ವಾರ್ಡನ್ ಎಂಬ ಹುಲ್ಲುಹಾಸಿನ ಪುಟ್ಟ ವಿಮಾನ ನಿಲ್ದಾಣವಿದೆ. ರಿಚರ್ಡ್ ಶಟಲ್‌ವರ್ತ್ 1928ರಲ್ಲಿ ಆರಂಭಿಸಿದ ಹಳೆಯ ವಿಮಾನಗಳ ಸಂಗ್ರಹ ಇರುವುದು ಅಲ್ಲಿಯೇ. ಅಲ್ಲಿಗೂ ಕೇಂಬ್ರಿಜ್ ಸಮೀಪದ ಡಕ್ಸ್‌ಫರ್ಡ್ ವಿಮಾನ ನಿಲ್ದಾಣಕ್ಕೂ ಹಾರಾಟದ ಪ್ರದರ್ಶನಗಳಿಗೆಂದು ಎರಡು ಬೇಸಿಗೆ ಎಡೆಬಿಡದೆ ಓಡಾಡಿ, ಒಂದೇ ಕ್ಯಾಮೆರಾಕ್ಕೆ ಎರಡು ಲೆನ್ಸ್‌ಗಳನ್ನು ಸರದಿಯಂತೆ ಹಾಕಿ ನೋಡಿದ್ದೇನೆ. ಕ್ಯಾಮೆರಾ ನಿಕಾನ್ ಡಿ500. ಲೆನ್ಸ್‌ಗಳಲ್ಲಿ ಒಂದು 200-500 ಎಂಎಂ ಜೂಮ್, ಇನ್ನೊಂದು ಜೂಮ್ ಇಲ್ಲದ 500 ಎಂಎಂ ಪಿಎಫ್ (ಫೇಸ್ ಫ್ರೆನೆಲ್ ಎಂಬ ಬಗೆಯ ಗಾಜಿನಿಂದ ಹಗುರಾದದ್ದು). ಎರಡರ ಗರಿಷ್ಠ ತೆರಪೂ, ಅಂದರೆ ಬೆಳಕು ಒಳಬರುವ ಕಿಂಡಿಯೂ, ಎಫ್/5.6; ಈ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು. ಜೂಮ್ ನನ್ನದು, ಪಿಎಫ್ ಮೊದಲ ಬೇಸಿಗೆಯಲ್ಲಿ ಗೆಳೆಯರೊಬ್ಬರಿಂದ ಎರವಲು ತಂದದ್ದು. ಅದು ಕೈಗೆ ಹತ್ತಿದ ಮೇಲೆ ಬಿಡಲಾಗದೆ ಮರುವರ್ಷ ಒಂದನ್ನು ಬಳಸಿದ ಸ್ಥಿತಿಯಲ್ಲಿಯೇ ಕೊಂಡುಕೊಂಡೆ. ಕೊಂಡದ್ದಕ್ಕೆ ಪಶ್ಚಾತ್ತಾಪವಿಲ್ಲ, ಆದರೆ ಕೊಳ್ಳುವಾಗ ನನಗಿದ್ದ ಕಾರಣಗಳಲ್ಲಿ ಅರ್ಧದಷ್ಟು ತಪ್ಪಾಗಿದ್ದವು.

ತೂಕದ ಲೆಕ್ಕ ಸರಳವಾಗಿದೆ. ಜೂಮ್ ತನ್ನ ಕಾಲರ್ (ಸ್ಟ್ಯಾಂಡಿಗೆ ಕೂರಿಸುವ ಪಟ್ಟಿ) ಸಮೇತ 2,300 ಗ್ರಾಂ ತೂಗುತ್ತದೆ, ಪಿಎಫ್ 1,460 ಗ್ರಾಂ. ಕಾಗದದ ಮೇಲೆ ಇದು ಪಿಎಫ್‌ನ ನಿರ್ವಿವಾದ ಗೆಲುವು, ಮಧ್ಯಾಹ್ನದಿಂದ ಸಂಜೆಯವರೆಗೆ ಕೈಯಲ್ಲಿ ಹಿಡಿದು ನಿಲ್ಲುವವರಿಗೆ ಅನುಭವದಲ್ಲೂ ಹೌದು. ಆದರೆ ನಿಧಾನದ ಶಟರ್ ವೇಗದಲ್ಲಿ ವಿಮಾನದ ಜೊತೆಗೆ ಸೊಂಟವನ್ನು ತಿರುಗಿಸುತ್ತಾ ಚಿತ್ರ ತೆಗೆಯುವಾಗ ಭಾರವೇ ಒಂದು ಸಹಾಯ ಎಂಬುದು ನನಗೆ ಮೊದಲು ಗೊತ್ತಿರಲಿಲ್ಲ. ಭಾರವಾದ ಲೆನ್ಸ್ ಒಮ್ಮೆ ಚಲಿಸತೊಡಗಿದರೆ ಅದೇ ಗತಿಯಲ್ಲಿ ಸಾಗಲು ಬಯಸುತ್ತದೆ. ಹಗುರವಾದದ್ದು ಕೈಯ ಸಣ್ಣ ಅದುರನ್ನೂ ಚಿತ್ರಕ್ಕೆ ದಾಟಿಸುತ್ತದೆ. ಒಂದು ಸಂಜೆ ಟೈಗರ್ ಮಾತ್ ಎಂಬ ಹಳೆಯ ತರಬೇತಿ ವಿಮಾನ ಸುತ್ತು ಹಾಕುತ್ತಿದ್ದಾಗ 1/125 ಸೆಕೆಂಡಿನಲ್ಲಿ ಪ್ರತಿಯೊಂದರಿಂದಲೂ 60 ಚಿತ್ರ ತೆಗೆದೆ. ಪಿಎಫ್‌ನಲ್ಲಿ ಮೊನಚಾಗಿ ಉಳಿದವು 7, ಜೂಮ್ ಅನ್ನು 500ಕ್ಕೆ ಎಳೆದು ತೆಗೆದವುಗಳಲ್ಲಿ 9, ಅದೇ ಜೂಮ್ ಅನ್ನು 350ಕ್ಕೆ ಇಳಿಸಿದಾಗ 16. ಒಬ್ಬನ ಒಂದು ಸಂಜೆಯ ಲೆಕ್ಕಕ್ಕೆ ಹೆಚ್ಚಿನ ಬೆಲೆ ಕಟ್ಟಬೇಕಾಗಿಲ್ಲ, ಆದರೂ 7ಕ್ಕೂ 9ಕ್ಕೂ ಇರುವ ಅಂತರಕ್ಕಿಂತ 9ಕ್ಕೂ 16ಕ್ಕೂ ಇರುವ ಅಂತರ ನನ್ನನ್ನು ಯೋಚನೆಗೆ ಹಚ್ಚಿತು. ಎರಡನೆಯ ತಾಸು ಕಳೆದ ಮೇಲೆ ಜೂಮ್‌ನ ಈ ಅನುಕೂಲ ಹೋಗಿಬಿಡುತ್ತದೆ ಎಂಬುದನ್ನೂ ಹೇಳಬೇಕು. ಎಡ ಮುಂಗೈ ಸೋತಾಗ ಭಾರ ಬರಿಯ ಭಾರವಷ್ಟೆ. ಮೊನೊಪಾಡ್ ಎಂಬ ಒಂಟಿಕಾಲಿನ ಸ್ಟ್ಯಾಂಡ್ ಬಳಸಿ ನೋಡಿದೆ. ನೆತ್ತಿಯ ಮೇಲಿಂದ ಹಾದುಹೋಗುವ ವಿಮಾನಕ್ಕೆ ಅದು ಅಡ್ಡಿಯೇ ಹೊರತು ಆಸರೆಯಲ್ಲ.

ಜೆಟ್ ವಿಮಾನಗಳನ್ನು ಮಾತ್ರ ತೆಗೆಯುವವರಿಗೆ ಇಷ್ಟು ನಿಧಾನದ ಶಟರ್ ಏಕೆ ಎಂಬ ಪ್ರಶ್ನೆ ಬರಬಹುದು. ಪ್ರೊಪೆಲರ್ ವಿಮಾನವನ್ನು 1/1000 ಸೆಕೆಂಡಿನಲ್ಲಿ ತೆಗೆದರೆ ಅಲಗುಗಳು ನಿಂತಲ್ಲೇ ನಿಂತಂತೆ ಕಂಡು, ದಸರೆಯ ಗೊಂಬೆ ಕೂರಿಸುವಾಗ ಮೇಲಿನಿಂದ ದಾರ ಕಟ್ಟಿ ಇಳಿಬಿಟ್ಟ ಆಟಿಕೆಯಂತಾಗುತ್ತದೆ. ಓಲ್ಡ್ ವಾರ್ಡನ್‌ನಲ್ಲಿರುವ ಎರಡನೆಯ ಮಹಾಯುದ್ಧದ ಫೈಟರ್ ಸ್ಪಿಟ್‌ಫೈರ್‌ನ ಮೆರ್ಲಿನ್ ಎಂಜಿನ್ ನಿಮಿಷಕ್ಕೆ 2,400 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಂಡರೆ, ನಡುವಿನ ಹಲ್ಲುಚಕ್ರಗಳು ಅದನ್ನು 0.477ರಷ್ಟಕ್ಕೆ ಇಳಿಸುವುದರಿಂದ ಪ್ರೊಪೆಲರ್ ತಿರುಗುವುದು ಸೆಕೆಂಡಿಗೆ ಸುಮಾರು 19 ಸುತ್ತು ಮಾತ್ರ. 1/1000ದಲ್ಲಿ ಒಂದು ಅಲಗು 7 ಡಿಗ್ರಿ ಸರಿಯುತ್ತದೆ, 1/250ರಲ್ಲಿ 27, 1/125ರಲ್ಲಿ 55. ಮೂರು ಅಲಗುಗಳ ನಡುವೆ 120 ಡಿಗ್ರಿ ಅಂತರವಿರುವುದರಿಂದ 1/60ಕ್ಕೆ ಇಳಿದರೆ ಮಾತ್ರ ಅಲಗುಗಳು ಒಂದನ್ನೊಂದು ಬಹುಮಟ್ಟಿಗೆ ಮುಟ್ಟಿ ಪೂರ್ಣ ಬಿಲ್ಲೆಯಾಗುತ್ತದೆ. ಟೈಗರ್ ಮಾತ್‌ನ ಜಿಪ್ಸಿ ಮೇಜರ್ ಎಂಜಿನ್‌ಗೆ ಅಂಥ ಹಲ್ಲುಚಕ್ರಗಳಿಲ್ಲ, ಪ್ರೊಪೆಲರ್ ನೇರವಾಗಿ ಎಂಜಿನ್‌ನ ವೇಗದಲ್ಲೇ ತಿರುಗುತ್ತದೆ; ಹೀಗಾಗಿ ನೋಡಲು ಮುದಿಯಾದ, ನಿಧಾನದ ಟೈಗರ್ ಮಾತ್‌ಗೆ 1/125 ಧಾರಾಳವಾಗಿ ಸಾಕಾಗುತ್ತದೆ, ವೇಗದ ಸ್ಪಿಟ್‌ಫೈರ್‌ಗೆ ಸಾಕಾಗುವುದಿಲ್ಲ. ವಿಮಾನದ ವೇಗಕ್ಕೂ ಬೇಕಾದ ಶಟರ್ ವೇಗಕ್ಕೂ ನಾವು ಊಹಿಸುವ ಸಂಬಂಧವಿಲ್ಲ ಎಂಬುದನ್ನು ನಾನು ಒಂದು ಇಡೀ ಕಾರ್ಡಿನಷ್ಟು ಚಿತ್ರಗಳನ್ನು ಕೆಡಿಸಿಕೊಂಡು ಕಲಿತೆ.

ನಿಧಾನದ ಶಟರ್‌ಗೆ ಇನ್ನೊಂದು ತೆರಿಗೆಯಿದೆ. ನಡುಹಗಲ ಬಿಸಿಲಿನಲ್ಲಿ ಐಎಸ್‌ಒ (ಸೆನ್ಸರ್‌ನ ಬೆಳಕಿನ ಸೂಕ್ಷ್ಮತೆ) 100 ಇಟ್ಟು 1/125ಕ್ಕೆ ಇಳಿದರೆ ತೆರಪು ಎಫ್/16ರ ಸುತ್ತಮುತ್ತ ಬಂದು ನಿಲ್ಲುತ್ತದೆ. ಆಗ ಎರಡು ಲೆನ್ಸ್‌ಗಳ ನಡುವಿನ ಗುಣಮಟ್ಟದ ವ್ಯತ್ಯಾಸ ಬಹುಪಾಲು ಅಳಿಸಿಹೋಗಿ, ಸೆನ್ಸರ್ ಮೇಲಿನ ದೂಳಿನ ಪ್ರತಿ ಕಣವೂ ಆಕಾಶದಲ್ಲಿ ಕಲೆಯಾಗಿ ಮೂಡುತ್ತದೆ. ಪಿಎಫ್‌ನ ಮೊನಚು ಜೂಮ್‌ಗಿಂತ ಒಂದು ಕೈ ಮೇಲು ಎಂಬುದು ಎಫ್/5.6ರಲ್ಲಿ ಕಣ್ಣಿಗೆ ಕಾಣುವ ಮಾತು, ಎಫ್/16ರಲ್ಲಿ ಬರಿಯ ನಂಬಿಕೆಯ ಮಾತು. ಅದೃಷ್ಟಕ್ಕೆ ಎರಡಕ್ಕೂ 95 ಎಂಎಂ ಅಳತೆಯ ಫಿಲ್ಟರ್ ಹಿಡಿಸುತ್ತದೆ. ಬೆಳಕನ್ನು ಎರಡು ಸ್ಟಾಪ್, ಅಂದರೆ ಕಾಲು ಭಾಗಕ್ಕೆ, ಇಳಿಸುವ ಒಂದೇ ಎನ್‌ಡಿ ಫಿಲ್ಟರ್ ಅನ್ನು ಎರಡಕ್ಕೂ ಬಳಸಿ ತೆರಪನ್ನು ಎಫ್/8ಕ್ಕೆ ಮರಳಿ ತಂದೆ, ಅಲ್ಲಿಂದ ಮುಂದೆ ಹೋಲಿಕೆಗೆ ಅರ್ಥ ಬಂತು.

ಫ್ರೇಮಿನಲ್ಲಿ ಏನು ಹಿಡಿಯುತ್ತದೆ ಎಂಬುದು ಮುಂದಿನ ಪ್ರಶ್ನೆ, ನನ್ನ ಮಟ್ಟಿಗೆ ನಿರ್ಣಾಯಕವಾದದ್ದೂ ಅದೇ. ಡಿ500ರ ಸೆನ್ಸರ್ 23.5 ಎಂಎಂ ಅಗಲವಿರುವುದರಿಂದ 200 ಮೀಟರ್ ದೂರದಲ್ಲಿ 500 ಎಂಎಂ ಲೆನ್ಸ್ ಕೇವಲ 9.4 ಮೀಟರ್ ಅಗಲದ ದೃಶ್ಯವನ್ನು ಹಿಡಿಯುತ್ತದೆ. ಓಲ್ಡ್ ವಾರ್ಡನ್‌ನ ಹೆಮ್ಮೆಯಾದ ಡಿ ಹ್ಯಾವಿಲ್ಯಾಂಡ್ ಡಿಎಚ್.88 ಕಾಮೆಟ್‌ನ ಉದ್ದ 8.8 ಮೀಟರ್, ರೆಕ್ಕೆಯ ಹರಹು 13.4 ಮೀಟರ್. ಪಕ್ಕದಿಂದ ನೇರವಾಗಿ ಹಾದುಹೋಗುವಾಗ ಮೂಗೂ ಬಾಲವೂ ಅಂಚಿಗೆ ತಾಗುತ್ತವೆ. ವಾಲಿಕೊಂಡು ಬೆನ್ನು ತೋರಿಸುತ್ತಾ ತಿರುಗಿದರೆ ರೆಕ್ಕೆಯ ತುದಿ ಕತ್ತರಿಸಿಯೇ ಹೋಗುತ್ತದೆ. 1934ರ ಅಕ್ಟೋಬರ್‌ನಲ್ಲಿ ಮಿಲ್ಡನ್‌ಹಾಲ್‌ನಿಂದ ಹೊರಟು, ಬಾಗ್ದಾದ್, ಅಲಹಾಬಾದ್, ಸಿಂಗಪುರ, ಡಾರ್ವಿನ್‌ಗಳ ಮೂಲಕ ಮೆಲ್ಬರ್ನ್ ತಲುಪಿ ಸ್ಪರ್ಧೆ ಗೆದ್ದ ಆ ಕೆಂಪು ವಿಮಾನವೇ ಈಗಲೂ ಹಾರುತ್ತಿದೆ ಎಂಬುದನ್ನು ನೆನೆದರೆ, ಅದರ ರೆಕ್ಕೆಯ ತುದಿಯಿಲ್ಲದ ಚಿತ್ರವನ್ನು ಇಟ್ಟುಕೊಳ್ಳಲು ಮನಸ್ಸಾಗುವುದಿಲ್ಲ. ನನ್ನಲ್ಲಿ ಅಂಥವು ಹನ್ನೊಂದು ಇವೆ, ಎಲ್ಲವೂ ಪಿಎಫ್‌ನಲ್ಲಿ ತೆಗೆದವು, ಎಲ್ಲವೂ ಅತ್ಯಂತ ಮೊನಚಾಗಿವೆ.

ಓಲ್ಡ್ ವಾರ್ಡನ್‌ನಲ್ಲಿ ಈ ಸಮಸ್ಯೆ ಹೆಚ್ಚಾಗಲು ಅಲ್ಲಿನ ಮೈದಾನವೇ ಕಾರಣ. ಪ್ರೇಕ್ಷಕರು ನಿಲ್ಲುವ ಗೆರೆ ಅಲ್ಲಿ ನೇರವಾಗಿಲ್ಲ, ನಡುವೆ ಬಾಗಿದೆ. ವಿಮಾನಗಳು ಆ ಬಾಗನ್ನು ಅನುಸರಿಸಿ ನಮ್ಮ ಸುತ್ತ ಕಮಾನಿನಂತೆ ತಿರುಗುತ್ತಾ ರೆಕ್ಕೆಯ ಮೇಲ್ಭಾಗವನ್ನು ತೋರಿಸುತ್ತವೆ. ಬೇರೆಡೆಗಳಲ್ಲಿ ಹೊಟ್ಟೆಯನ್ನಷ್ಟೇ ಕಂಡು ಬೇಸತ್ತವರಿಗೆ ಇದು ಹಬ್ಬ. ಆದರೆ ವಿಮಾನ ದೂರದಿಂದ ಹತ್ತಿರಕ್ಕೆ, ಹತ್ತಿರದಿಂದ ದೂರಕ್ಕೆ ಸರಿಯುತ್ತಲೇ ಇರುವುದರಿಂದ ಒಂದೇ ಸುತ್ತಿನಲ್ಲಿ 500ರಿಂದ 250ಕ್ಕೆ ಇಳಿದು ಮತ್ತೆ ಏರಬೇಕಾಗುತ್ತದೆ. ಜೂಮ್‌ನ ಉಂಗುರ ಉದ್ದಕ್ಕೂ ತಿರುಗಬೇಕು, ಒಂದೇ ಹಿಡಿತದಲ್ಲಿ ಪೂರ್ತಿ ಸುತ್ತಲು ನನ್ನಿಂದಾಗಲಿಲ್ಲ. ಫೋಕಸ್ ಕೂಡ ಪಿಎಫ್‌ನಷ್ಟು ಚುರುಕಲ್ಲ. ಹೀಗಿದ್ದೂ ಓಲ್ಡ್ ವಾರ್ಡನ್‌ನ ಮಟ್ಟಿಗೆ ನನ್ನ ತೀರ್ಪು ಜೂಮ್ ಕಡೆಗೇ, ಅದರಲ್ಲಿ ಅನುಮಾನವಿಲ್ಲ. ಫೋಕಸ್ ತಪ್ಪಿದರೆ ಮುಂದಿನ ಸುತ್ತಿಗೆ ಕಾಯಬಹುದು. ನೂರು ವರ್ಷ ಹಳೆಯ ವಿಮಾನಗಳು ಅವಸರದಲ್ಲಿ ಹೋಗುವುದಿಲ್ಲ.

ಅಲ್ಲಿ ಸಿಗುವ ಇನ್ನೊಂದು ಸಂಗತಿಗೂ ಲೆನ್ಸ್‌ಗೂ ಸಂಬಂಧವಿಲ್ಲ, ಆದರೂ ಬಿಡಲಾರೆ. ಮೊದಲ ಮಹಾಯುದ್ಧದ ಕಾಲದ ಸಾಪ್‌ವಿತ್ ಪಪ್, ಆವ್ರೊ 504ಕೆ ಮುಂತಾದವುಗಳ ರೋಟರಿ ಎಂಜಿನ್‌ಗಳಲ್ಲಿ ಪ್ರೊಪೆಲರ್ ಜೊತೆಗೆ ಇಡೀ ಎಂಜಿನ್ನೇ ಸುತ್ತುತ್ತದೆ, ಕೀಲೆಣ್ಣೆಯಾಗಿ ಹಾಕುವುದು ಹರಳೆಣ್ಣೆಯನ್ನು. ಒಮ್ಮೆ ಒಳಗೆ ಹೋದ ಎಣ್ಣೆ ಹೊಗೆಯೊಂದಿಗೆ ಹೊರಗೆ ಬರುತ್ತದೆ, ತಿರುಗಿ ಟ್ಯಾಂಕಿಗೆ ಹೋಗುವುದಿಲ್ಲ. ಗಾಳಿ ನಮ್ಮತ್ತ ಬೀಸಿದಾಗ ಬೆಡ್‌ಫರ್ಡ್‌ಶೈರ್‌ನ ಹುಲ್ಲಿನ ಮೇಲೆ ನಿಂತು ಅಭ್ಯಂಜನದ ದಿನದ ಬಚ್ಚಲುಮನೆಯ ನೆನಪಾಗುವುದು ಆ ಸಾಲಿನಲ್ಲಿ ಬಹುಶಃ ನನಗೊಬ್ಬನಿಗೇ.

ಡಕ್ಸ್‌ಫರ್ಡ್‌ನ ಕಥೆ ಬೇರೆ. ಅಲ್ಲಿ ಪ್ರೇಕ್ಷಕರು ರನ್‌ವೇಯ ಉತ್ತರಕ್ಕೆ, ಅಂದರೆ ದಕ್ಷಿಣಕ್ಕೆ ಮುಖಮಾಡಿ ನಿಲ್ಲುವುದರಿಂದ ದಿನದ ಹೆಚ್ಚಿನ ಹೊತ್ತು ಸೂರ್ಯ ಎದುರಿಗೇ ಇರುತ್ತಾನೆ. ವಿಮಾನದ ನಮ್ಮ ಕಡೆಯ ಮೈ ನೆರಳಿನಲ್ಲಿರುತ್ತದೆ. ಓಲ್ಡ್ ವಾರ್ಡನ್‌ನಲ್ಲಿ ಸಂಜೆಯ ಸೂರ್ಯ ಬೆನ್ನಿಗೆ ಬರುತ್ತಾನೆ ಎಂಬುದನ್ನು ನೆನೆದಾಗಲೆಲ್ಲ ಡಕ್ಸ್‌ಫರ್ಡ್‌ನ ಮೇಲೆ ಮುನಿಸಾಗುತ್ತದೆ. ಎದುರು ಬೆಳಕಿನಲ್ಲಿ ಪಿಎಫ್‌ನ ಒಂದು ದೌರ್ಬಲ್ಯ ಹೊರಬರುತ್ತದೆ. ಆ ಲೆನ್ಸ್ ಚಿಕ್ಕದಾಗಿ ಹಗುರಾಗಿರಲು ಕಾರಣವಾದ ಫೇಸ್ ಫ್ರೆನೆಲ್ ಗಾಜು, ಫ್ರೇಮಿನ ಒಳಗೋ ಪಕ್ಕದಲ್ಲೋ ತೀಕ್ಷ್ಣ ಬೆಳಕಿದ್ದಾಗ ಅದರ ಸುತ್ತ ಬಣ್ಣದ ಬಳೆಯಂಥ ಕಲೆ ಮೂಡಿಸುತ್ತದೆ. ವಿಮಾನ ಸೂರ್ಯನ ಸಮೀಪ ಹಾಯ್ದ ಕೆಲವೇ ಚಿತ್ರಗಳಲ್ಲಿ ನನಗೆ ಇದು ಕಂಡದ್ದು, ಹೆದರಬೇಕಾದಷ್ಟಲ್ಲ. ಜೂಮ್‌ನಲ್ಲಿ ಆ ತೊಂದರೆ ಇರಲಿಲ್ಲ.

ಅಷ್ಟಾದರೂ ಡಕ್ಸ್‌ಫರ್ಡ್‌ಗೆ ನಾನು ಒಯ್ಯುವುದು ಪಿಎಫ್ ಅನ್ನೇ. ಅಲ್ಲಿ ಹಾರಾಟ ಬಹುಮಟ್ಟಿಗೆ ನೇರ ಗೆರೆಯಲ್ಲಿ, ಹೆಚ್ಚು ದೂರದಲ್ಲಿ, ಹೆಚ್ಚು ವೇಗದಲ್ಲಿ ನಡೆಯುತ್ತದೆ. ಯುದ್ಧಕಾಲದ ಫೈಟರ್‌ಗಳು ಬರುವಾಗ ಜೂಮ್ ಹೇಗಿದ್ದರೂ 500ರಲ್ಲೇ ಅಂಟಿಕೊಂಡಿರುತ್ತದೆ, ಆಗ ಅದರ ಹೆಚ್ಚುವರಿ 840 ಗ್ರಾಂ ಹೊರುವುದಕ್ಕೆ ಕಾರಣ ಉಳಿಯುವುದಿಲ್ಲ. ದೂರದಲ್ಲಿ ತಿರುಗಿ ನಮ್ಮತ್ತ ಮೂಗು ಮಾಡಿ ಬರುವ ವಿಮಾನವನ್ನು ಮೋಡದ ಮುಂದೆ ಹಿಡಿದು ಬಿಡದೆ ಅನುಸರಿಸುವುದರಲ್ಲಿ ಪಿಎಫ್‌ನ ಫೋಕಸ್ ಎಷ್ಟು ಚುರುಕೆಂದರೆ, ಜೂಮ್ ಹುಡುಕಾಡುವಷ್ಟರಲ್ಲಿ ಇದು ಐದಾರು ಚಿತ್ರ ಮುಗಿಸಿರುತ್ತದೆ. ದೊಡ್ಡ ವಿಮಾನಗಳು ಮಾತ್ರ ಇದಕ್ಕೆ ಹೊರತು. ಬಿ-17 ಬಾಂಬರ್ ಸ್ಯಾಲಿ ಬಿ ಅಥವಾ ನೀರಿನ ಮೇಲಿಳಿಯಬಲ್ಲ ಕ್ಯಾಟಲಿನಾದ ರೆಕ್ಕೆಯ ಹರಹು 31 ಮೀಟರ್ ದಾಟುತ್ತದೆ. ಪೂರ್ತಿ ಹರಹು 500 ಎಂಎಂನಲ್ಲಿ ಹಿಡಿಸಬೇಕಾದರೆ ಅವು ಸುಮಾರು 670 ಮೀಟರ್ ಆಚೆ ಇರಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದುರಸ್ತಿಗೆಂದು ಬರುತ್ತಿದ್ದ ಕ್ಯಾಟಲಿನಾಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದವು ಎಂಬುದನ್ನು ಓದಿಕೊಂಡಿದ್ದ ನಾನು, ಆ ಜಾತಿಯ ವಿಮಾನ ಮೊದಲ ಬಾರಿಗೆ ಕಣ್ಣೆದುರು ಹಾರಿದಾಗ ಕೈಯಲ್ಲಿ ಪಿಎಫ್ ಹಿಡಿದು ಅದರ ಒಂದು ಎಂಜಿನ್ ಮತ್ತು ಅರ್ಧ ರೆಕ್ಕೆಯ ಚಿತ್ರಗಳೊಂದಿಗೆ ಮನೆಗೆ ಬಂದೆ.

ಡಕ್ಸ್‌ಫರ್ಡ್‌ನ ನಡುಹಗಲಿನಲ್ಲಿ ಎರಡೂ ಲೆನ್ಸ್‌ಗಳು ಸಮಾನವಾಗಿ ಸೋಲುವ ಹೊತ್ತೊಂದಿದೆ. ಕಾದ ಕಾಂಕ್ರೀಟ್ ರನ್‌ವೇಯಿಂದ ಏಳುವ ಬಿಸಿಗಾಳಿ ನೋಟವನ್ನು ನೀರಿನೊಳಗಿನಿಂದ ಕಂಡಂತೆ ಅಲುಗಿಸುತ್ತದೆ; ಕೆಳಗೆ ಹಾರುವ, ಓಡಿ ಏಳುವ ವಿಮಾನಗಳ ಚಿತ್ರಗಳಲ್ಲಿ ಗುರುತಿನ ಅಕ್ಷರಗಳ ಅಂಚು ಕರಗಿರುತ್ತದೆ. ಮೊದಲ ಬೇಸಿಗೆಯಲ್ಲಿ ಇದನ್ನು ಜೂಮ್‌ನ ದೋಷವೆಂದು ಬಗೆದು ಅದರ ಫೋಕಸ್ ಹೊಂದಾಣಿಕೆಯನ್ನು ಮೂರು ಬಾರಿ ತಿದ್ದಿದೆ. ಪಿಎಫ್‌ನಲ್ಲೂ ಅದೇ ಕರಗಿದ ಅಂಚು ಕಂಡಾಗ ಬುದ್ಧಿ ಬಂತು. ದುಬಾರಿ ಲೆನ್ಸ್ ಕೊಳ್ಳಲು ನನಗಿದ್ದ ತಪ್ಪು ಕಾರಣಗಳಲ್ಲಿ ದೊಡ್ಡದು ಇದು.

ಇನ್ನು ಬ್ಲೇರಿಯೊ. 1909ರಲ್ಲಿ ಲೂಯಿ ಬ್ಲೇರಿಯೊ ಇಂಗ್ಲಿಷ್ ಕಾಲುವೆ ದಾಟಿದ ಮಾದರಿಯ, ಅದೇ ವರ್ಷ ತಯಾರಾದ ವಿಮಾನವೊಂದು ಓಲ್ಡ್ ವಾರ್ಡನ್‌ನಲ್ಲಿದೆ. ಮೂರು ಸಿಲಿಂಡರಿನ, 25 ಅಶ್ವಶಕ್ತಿಯ ಆಂಜಾನಿ ಎಂಜಿನ್ ಅದನ್ನು ಹುಲ್ಲಿನಿಂದ ಕೆಲವು ಅಡಿ ಎತ್ತರಕ್ಕೆ ಎತ್ತಿ ರನ್‌ವೇಯ ಉದ್ದಕ್ಕೂ ಒಂದು ನೆಗೆತ ಹಾರಿಸುತ್ತದೆ, ಅದೂ ಗಾಳಿ ಬಹುತೇಕ ಸತ್ತುಹೋದ ಸಂಜೆಗಳಲ್ಲಿ ಮಾತ್ರ. ಮೂರು ಸಂಜೆ ಕಂಬದ ಮೇಲಿನ ಗಾಳಿಚೀಲ ಅಲ್ಲಾಡುತ್ತಲೇ ಇದ್ದುದರಿಂದ ಅದನ್ನು ಹೊರಗೆ ತರಲಿಲ್ಲ. ನಾಲ್ಕನೆಯ ಸಂಜೆ ಚೀಲ ಜೋತುಬಿತ್ತು. ಇಳಿಬಿಸಿಲು, ಎದುರಿಗೆ ಮರಗಳ ಕಪ್ಪು ಸಾಲು. ಜೂಮ್ ಅನ್ನು 300ರಲ್ಲಿ ನಿಲ್ಲಿಸಿ, ಫಿಲ್ಟರ್ ತೆಗೆದು, ಶಟರ್ ಅನ್ನು 1/100ಕ್ಕೆ ಇಟ್ಟೆ. ಇಡೀ ಹಾರಾಟ ಕೆಲವೇ ಸೆಕೆಂಡುಗಳದ್ದು. ತೆಗೆದ 34 ಚಿತ್ರಗಳಲ್ಲಿ ಮೊನಚಾಗಿದ್ದವು 4; ಅವುಗಳಲ್ಲಿ ಒಂದರಲ್ಲಿ ಚಕ್ರಗಳಿಗೂ ಹುಲ್ಲಿಗೂ ನಡುವೆ ಬೆಳಕಿನ ಒಂದು ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಪಿಎಫ್ ಆಗ ಕಾರಿನ ಡಿಕ್ಕಿಯಲ್ಲಿತ್ತು.