ಸೋಲುತ್ತಿರುವ ತಂಡದ ಕೋಚನ್ನು ಈಗಲೇ ಕೆಲಸದಿಂದ ಕಳಿಸೋದಾ, ಇನ್ನೊಂದು ವರ್ಷ ಬಿಡೋದಾ?

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಮೊದಲು ದುಡ್ಡು ನೋಡಬೇಕು. 2023ರ ನವೆಂಬರ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ಕೋಚ್ ಜಿಂಬೊ ಫಿಶರ್‌ರನ್ನು ಮನೆಗೆ ಕಳಿಸಿದಾಗ ಕರಾರಿನಂತೆ ಕೊಡಬೇಕಾಗಿ ಬಂದದ್ದು ಸುಮಾರು 7.6 ಕೋಟಿ ಡಾಲರ್, ಅದೂ ಸುಮ್ನೆ ಮನೇಲಿ ಕೂರೋದಕ್ಕೆ! ಉಳಿಸಿಕೊಂಡರೆ ಈ ಹೊರೆ ಸಾಮಾನ್ಯವಾಗಿ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ.

ಹೊಸ ಹುಡುಗರ ವಿಷಯಕ್ಕೆ ಬಂದರೆ ಲೆಕ್ಕ ಉಲ್ಟಾ. ಹೈಸ್ಕೂಲ್ ಆಟಗಾರರು ಯಾವ ಕಾಲೇಜಿಗೆ ಆಡ್ತೀವಿ ಅಂತ ಡಿಸೆಂಬರ್ ಶುರುವಿನಲ್ಲೇ ಸಹಿ ಹಾಕುತ್ತಾರೆ, ಅಷ್ಟರೊಳಗೆ ಹೊಸ ಕೋಚ್ ಬೇಕು ಅಂದ್ರೆ ಅಕ್ಟೋಬರ್‌ನಲ್ಲೇ ಕಳಿಸೋದು ವಾಸಿ.

ಇನ್ನು ತಾಳ್ಮೆ. ಫ್ಲೋರಿಡಾ ವಿಶ್ವವಿದ್ಯಾಲಯ 2024ರಲ್ಲಿ ಕೋಚ್ ಬಿಲ್ಲಿ ನೇಪಿಯರ್‌ರನ್ನು ಉಳಿಸಿಕೊಂಡಿತು, ಸೀಸನ್ 8 ಗೆಲುವು, 5 ಸೋಲಿಗೆ ಮುಗಿಯಿತು. 2025ರ ಅಕ್ಟೋಬರ್‌ನಲ್ಲಿ ಪಂದ್ಯ ಗೆದ್ದ ಮರುದಿನವೇ ಕೆಲಸ ಹೋಯಿತು, ಪಾಪ.

ಒಳ್ಳೆಯ ಎಳೆಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಇದ್ದು, ಸೋಲುಗಳೂ ಕೂದಲೆಳೆ ಅಂತರದವಾದರೆ ಕಾಯಿರಿ. ಆಟಗಾರರೇ ಕೋಚ್ ಮಾತು ಕೇಳುತ್ತಿಲ್ಲವೆಂದರೆ ಕಾಯೋದು ದಂಡ.